ದೋಸ್ತಿಗೂ ಬಿಲ್ ಬರ್ತೈತೆ ನೋಡ್ರಿ

ಹೋದ ಸಂಚಿಕೆಯಾಗೆ ಯುಕ್ರೇನ್ ಯುದ್ಧದ ಬಗ್ಗೆ ಅರ್ಧ ಪುಟ ಬರೆದಿದ್ದೆ, ರಷ್ಯಾ ನುಗ್ಗಿದಾಗ ಯುಕ್ರೇನಿನ ದೋಸ್ತ್ ದೇಶಗಳು ಏನ್ ಮಾಡಿದ್ವು, ಅಲ್ಲಿನ ಜನ ಏನಂದ್ರು ಅಂತ. ಅರ್ಧ ಪುಟಕ್ಕೆ ಇಷ್ಟು ಪ್ರಶ್ನೆ ಬರ್ತಾವೆ ಅಂತ ಅನ್ಕೊಂಡಿರ್ಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆಯಿಂದ ಬಂದಾವೆ, ಅರ್ಧಕ್ಕರ್ಧ ವಾಟ್ಸಾಪ್ ವಾಯ್ಸ್ ಮೆಸೇಜು, ಹಿಂದೆ ಟ್ರ್ಯಾಕ್ಟರ್ ಸೌಂಡು. ಹೆಸರು ಹಾಕ್ಬೇಡ್ರಿ ಅಂದೋರೇ ಜಾಸ್ತಿ, ಅದಕ್ಕೆ ಊರು ಮಾತ್ರ ಹಾಕೀನಿ.

ಪ್ರಶ್ನೆ: ಸರ್, 2022ರ ಫೆಬ್ರವರಿ 24ಕ್ಕೆ ರಷ್ಯಾ ಒಳಗೆ ಬಂತು. ಅಮೆರಿಕ, ಇಂಗ್ಲೆಂಡ್, ಜರ್ಮನಿ ಎಲ್ಲಾರೂ ನಾವಿದೀವಿ ನಾವಿದೀವಿ ಅಂದ್ರು, ಆದ್ರೆ ಸೈನ್ಯ ಮಾತ್ರ ಕಳಿಸ್ಲಿಲ್ಲ. 1991ರಾಗೆ ಕುವೈತ್‌ಗೆ ಹೋದೋರು ಇಲ್ಲಿಗೆ ಯಾಕೆ ಹೋಗ್ಲಿಲ್ಲ? ಇದೆಂಥಾ ದೋಸ್ತಿ? — ಡಿಗ್ರಿ ವಿದ್ಯಾರ್ಥಿ, ಸಿರುಗುಪ್ಪ

ಉತ್ತರ: ತಮ್ಮಾ, ಮೊದ್ಲು ಒಂದು ಕ್ಲಿಯರ್ ಮಾಡ್ಕಳಾಣ. ಯುಕ್ರೇನ್ ನೇಟೋ ಮೆಂಬರ್ ಅಲ್ಲ. (ನೇಟೋ ಅಂದ್ರೆ ಅಮೆರಿಕ, ಯುರೋಪ್ ದೇಶಗಳ ಸೈನಿಕ ಕೂಟ, ಒಬ್ಬರ ಮ್ಯಾಲೆ ದಾಳಿ ಆದ್ರೆ ಎಲ್ಲಾರ ಮ್ಯಾಲೂ ಆದಂಗೆ.) 2008ರಾಗೆ ಬುಕಾರೆಸ್ಟ್ ಮೀಟಿಂಗ್‌ನಾಗೆ ಯುಕ್ರೇನ್, ಜಾರ್ಜಿಯಾ ಮುಂದೆ ಮೆಂಬರ್ ಆಗ್ತಾವೆ ಅಂತ ಹೇಳಿದ್ರು, ಯಾವಾಗ ಅಂತ ಮಾತ್ರ ಹೇಳ್ಲಿಲ್ಲ. ಇದಕ್ಕಿಂತ ಕೆಟ್ಟ ಕೆಲಸ ಇಲ್ಲ ನೋಡು, ಲಗ್ನ ಮಾಡ್ಕೊತೀನಿ ಅಂತ ಊರಿಗೆಲ್ಲ ಹೇಳಿ ತಾರೀಖು ಇಡದೇ ಇರೋದು, ಹುಡುಗಿಗೆ ಬೇರೆ ಸಂಬಂಧನೂ ಬರಲ್ಲ, ಪಕ್ಕದ ಮನೆಯವನಿಗೆ ಸಿಟ್ಟು ಬೇರೆ.

ಅದಕ್ಕೂ ಮುಂಚೆ ಇನ್ನೊಂದು ಕಾಗದ ಐತೆ. 1994ರ ಡಿಸೆಂಬರ್ 5, ಬುಡಾಪೆಸ್ಟ್. ಸೋವಿಯತ್ ಒಡೆದಾಗ ಯುಕ್ರೇನ್ ನೆಲದಾಗೆ ಉಳಿದ ಅಣ್ವಸ್ತ್ರ ಲೆಕ್ಕ ಹಾಕಿದ್ರೆ ಜಗತ್ತಿಗೇ ಮೂರನೇ ನಂಬರ್. ಅದೆಲ್ಲಾ ಬಿಟ್ಟುಕೊಡ್ರಿ, ನಿಮ್ಮ ಗಡಿ ನಾವು ಮುಟ್ಟಲ್ಲ ಅಂತ ಅಮೆರಿಕ, ಬ್ರಿಟನ್, ರಷ್ಯಾ ಮೂರೂ ಸೈನ್ ಹಾಕಿದ್ವು. ಹೌದು, ರಷ್ಯಾನೂ! ಆದ್ರೆ ಆ ಕಾಗದದಾಗೆ ಇಂಗ್ಲಿಷಿನಾಗೆ ಇದ್ದದ್ದು ಅಶ್ಯೂರೆನ್ಸ್ ಅನ್ನೋ ಪದ, ಗ್ಯಾರಂಟಿ ಅಂತ ಬರೀಲಿಲ್ಲ, ಅಮೆರಿಕದ ವಕೀಲರು ಬೇಕಂತಲೇ ಅದನ್ನ ಹೊರಗಿಟ್ರು. (ನಮ್ ರಾಜ್ಯದಾಗೆ ಗ್ಯಾರಂಟಿ ಅಂದ್ರೆ ತಿಂಗಳಿಗೆ ಎರಡು ಸಾವಿರ ಅಂತ ಆಗೇತೆ, ಆ ಮಾತು ಬೇರೆ.)

ನಮ್ಮ ಮಾವ ಒಬ್ರು ದೋಸ್ತನ ಟ್ರ್ಯಾಕ್ಟರ್ ಸಾಲಕ್ಕೆ ಸೈನ್ ಹಾಕಿದ್ರು. ದೋಸ್ತ್ ಕಂತು ಕಟ್ಲಿಲ್ಲ. ಸಾಲ ಕೊಟ್ಟೋರು ಮನೆಗೆ ಬಂದಾಗ ಮಾವ ಕನ್ನಡಕ ಹಾಕ್ಕೊಂಡು ಮೂರು ಸಲ ಓದಿದ್ರು, ಬೆರಳು ಇಟ್ಟು ಓದಿದ್ರು, ಜಾಮೀನುದಾರ ಅಂತಿಲ್ಲ, ಸಾಕ್ಷಿದಾರ ಅಂತೈತೆ ಅಂತ ಕನ್ಫರ್ಮ್ ಆದ್ಮೇಲೆ ಬಂದೋರಿಗೆ ಚಾ ಕುಡಿಸಿ ಕಳಿಸಿದ್ರು. ದೋಸ್ತ್‌ಗೆ ಆಮೇಲೆ ಒಂದು ಕಂತಿನ ರೊಕ್ಕ ಕೈಗಡ ಅಂತ ಕೊಟ್ರು ಅನ್ನೋದೂ ನಿಜ. ಅಮೆರಿಕ ಯುಕ್ರೇನ್‌ಗೆ ಮಾಡಿದ್ದು ಹೆಚ್ಚುಕಮ್ಮಿ ಇದೇ.

ಕುವೈತ್ ವಿಷಯ ಸಿಂಪಲ್. ಇರಾಕ್ ಹತ್ರ ಅಣುಬಾಂಬ್ ಇರ್ಲಿಲ್ಲ, ವಿಶ್ವಸಂಸ್ಥೆ ಸೆಕ್ಯೂರಿಟಿ ಕೌನ್ಸಿಲ್‌ನಾಗೆ ಇರಾಕ್ ಪರ ವೀಟೋ (ಒಬ್ಬರೇ ಬೇಡ ಅಂದು ನಿರ್ಣಯ ನಿಲ್ಲಿಸೋ ಅಧಿಕಾರ) ಹಾಕೋರೂ ಇರ್ಲಿಲ್ಲ, 1990ರ ನವೆಂಬರ್‌ನಾಗೆ ಸೈನ್ಯ ಬಳಸ್ರಿ ಅನ್ನೋ ನಿರ್ಣಯಕ್ಕೆ ಸೋವಿಯತ್ತೇ ಹೂಂ ಅಂತು. ಇಲ್ಲಿ ನುಗ್ಗಿದೋನ ಹತ್ರನೇ ಬಾಂಬೂ ಐತೆ, ವೀಟೋನೂ ಐತೆ. ಹಂಗಾಗಿ ಸಾಮಾನು ಕೊಡ್ತೀವಿ, ಜೀವ ಕೊಡಲ್ಲ ಅಂತ ಮೊದಲ ದಿನನೇ ತೀರ್ಮಾನ ಆಗಿತ್ತು. ಸಾಮಾನಾದ್ರೂ ಟೈಮಿಗೆ ಕೊಟ್ರಾ ಅಂದ್ರೆ ಅಲ್ಲೇ ನನ್ ಸಿಟ್ಟು. ಯುದ್ಧಕ್ಕೆ ಒಂದು ತಿಂಗಳ ಮುಂಚೆ ಜರ್ಮನಿ 5000 ಹೆಲ್ಮೆಟ್ ಕೊಡ್ತೀವಿ ಅಂತು, ಮುಂದೆ ತಲೆದಿಂಬು ಕಳಿಸ್ತೀರಾ ಅಂತ ಕೀವ್ ಮೇಯರ್ ಕೇಳಿದ್ರು. ಲೆಪರ್ಡ್ ಟ್ಯಾಂಕ್‌ಗೆ ಹೂಂ ಅಂದಿದ್ದು 2023ರ ಜನವರಿ, ಎಫ್-16 ವಿಮಾನ ಹೋಗಿ ಮುಟ್ಟಿದ್ದು 2024ರ ಆಗಸ್ಟ್. ಪ್ರತಿ ಸಲ ಮೊದ್ಲು ಇಲ್ಲ ಅನ್ನೋದು, ಆರು ತಿಂಗಳು ಚರ್ಚೆ ಮಾಡೋದು, ಆಮೇಲೆ ಕೊಡೋದು. ಬೆಳೆ ಒಣಗಿದ ಮ್ಯಾಲೆ ಕಾಲುವೆಗೆ ನೀರು ಬಿಟ್ಟಂಗೆ.

ಪ್ರಶ್ನೆ: ಪೋಲೆಂಡ್ ಮಂದಿ ಮೊದಲು ಯುಕ್ರೇನಿನವರನ್ನ ಮನಿಯೊಳಗ ಇಟ್ಕೊಂಡು ಊಟ ಹಾಕಿದ್ರಂತ, ಎರಡು ವರ್ಷಕ್ಕ ಅದೇ ಪೋಲೆಂಡ್ ರೈತರು ಯುಕ್ರೇನಿನ ಜೋಳ ಗೋಧಿ ರೈಲಿನಾಗಿಂದ ಹಳಿ ಮ್ಯಾಲ ಸುರುವಿದ್ರಂತ. ಹೋದ ಸಲ ನೀವು ಅವರನ್ನ ಮಾತು ತಪ್ಪಿದೋರು ಅಂತ ಬರದೀರಿ. ನಮ್ಮ ಭತ್ತದ ಲಾರಿ ಗಡಿ ಚೆಕ್ ಪೋಸ್ಟ್‌ನಾಗ ನಿಲ್ಲಿಸಿದಾಗ ನಮಗ ಹೆಂಗಾಗಿತ್ತು ಗೊತ್ತದ ಏನು? ನಿಮಗ ಒಕ್ಕಲುತನ ಗೊತ್ತಿಲ್ಲ ಬಿಡ್ರಿ. — ಭತ್ತದ ರೈತ, ಸಿಂಧನೂರು

ಉತ್ತರ: ಅಣ್ಣಾ, ಬೈದಿದ್ದು ಸರಿ ಐತೆ. ಮಾತು ತಪ್ಪಿದೋರು ಅಂತ ಬರೆದಿದ್ದು ನನ್ ತಪ್ಪು, ವಾಪಸ್ ತಗೊಂಡೀನಿ. ಸ್ವಲ್ಪ ಉದ್ದ ಆದ್ರೂ ಪೂರ್ತಿ ಹೇಳ್ತೀನಿ, ಯಾಕಂದ್ರೆ ಈ ಕಥೆ ನಿಮ್ ಕಡೆಯವರಿಗೆ ತಿಳಿದಷ್ಟು ಚೆನ್ನಾಗಿ ದೆಹಲಿಯಾಗೆ ಕುಂತು ಬರೆಯೋರಿಗೂ ತಿಳಿಯಲ್ಲ.

ಯುಕ್ರೇನಿನ ಕಾಳು ಮೊದಲಿಂದ ಹೋಗ್ತಿದ್ದುದು ಹಡಗಿನ ಮ್ಯಾಲೆ, ಒಡೆಸ್ಸಾ ಕಡೆ ಬಂದರಿಂದ ಕಪ್ಪು ಸಮುದ್ರ ದಾಟಿ ಈಜಿಪ್ಟು, ಆಫ್ರಿಕಾ, ಏಷ್ಯಾ. ರಷ್ಯಾ ಬಂದರು ಬಂದ್ ಮಾಡ್ತು. ಗೋದಾಮಿನಾಗೆ ಕಾಳು ಕೊಳೀತೈತೆ, ಹೊಸ ಸುಗ್ಗಿ ಬರ್ತೈತೆ. ಆವಾಗ ಯುರೋಪಿಯನ್ ಯೂನಿಯನ್ 2022ರ ಮೇ-ಜೂನ್‌ನಾಗೆ ರೈಲು, ಲಾರಿ ಮ್ಯಾಲೆ ನಮ್ ಕಡೆಯಿಂದ ಸಾಗಿಸ್ರಿ, ಸುಂಕ ಇಲ್ಲ ಅಂತು. ಒಳ್ಳೇ ಕೆಲಸನೇ. ಪ್ಲಾನ್ ಏನಂದ್ರೆ ಕಾಳು ಪೋಲೆಂಡ್ ದಾಟಿ ಬೇರೆ ಬಂದರಿಗೆ ಹೋಗ್ಬೇಕು. ಆದ್ರೆ ದಾರಿಯಾಗೆ ಅಗ್ಗದ ಮಾಲು ನಿಂತಿದ್ರೆ ಅಲ್ಲಿನ ವ್ಯಾಪಾರಸ್ತ ಬಿಡ್ತಾನಾ? ಒಂದು ಪಾಲು ಅಲ್ಲೇ ಇಳೀತು. ಪೋಲೆಂಡ್ ರೈತನ ಗೋಧಿ ರೇಟು ಬಿತ್ತು. ಗೊಬ್ಬರ ರೇಟು ಯುದ್ಧದಿಂದ ಮೊದ್ಲೇ ಏರಿತ್ತು. ಸುಗ್ಗಿ ಟೈಮಿಗೆ ಹೊರಗಿನ ಭತ್ತ ಬಂದು ಬಿದ್ರೆ ಸೋನಾ ಮಸೂರಿ ಚೀಲಕ್ಕೆ ಎಷ್ಟು ಇಳೀತೈತೆ ಅಂತ ಕಾರಟಗಿ, ಗಂಗಾವತಿ ರೈಸ್ ಮಿಲ್ ಮುಂದೆ ರಾತ್ರಿ ಲಾರಿ ಕೆಳಗೆ ಮಲಗಿದೋರಿಗೆ ನಾನು ಹೇಳ್ಬೇಕಾ?

ಮೊದ್ಲು ಪ್ರತಿಭಟನೆ ಆತು, 2023ರ ಏಪ್ರಿಲ್‌ನಾಗೆ ಅಲ್ಲಿನ ಕೃಷಿ ಮಂತ್ರಿ ರಾಜೀನಾಮೆ ಕೊಟ್ರು, ಅದೇ ತಿಂಗಳು ಪೋಲೆಂಡ್, ಹಂಗೇರಿ ಆಮದು ಬಂದ್ ಮಾಡಿದ್ವು. ಆಮೇಲೆ ಯೂನಿಯನ್ನೇ ಆ ದೇಶಗಳಿಗೆ ಅಂತ ನಿರ್ಬಂಧ ಹಾಕ್ತು, ಸೆಪ್ಟೆಂಬರ್ 15ಕ್ಕೆ ಅದನ್ನ ತೆಗೀತೀವಿ ಅಂದಾಗ ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ ಮೂರೂ ನಾವು ತೆಗೆಯಲ್ಲ ಹೋಗ್ರಿ ಅಂದ್ವು, ಪೋಲೆಂಡ್‌ನಾಗೆ ಅಕ್ಟೋಬರ್‌ಗೆ ಎಲೆಕ್ಷನ್ ಇತ್ತು ಅನ್ನೋದು ಮರೀಬೇಡ್ರಿ. ನವೆಂಬರ್‌ನಿಂದ ಲಾರಿಯವರು ಗಡಿಯಾಗೆ ರಸ್ತೆ ತಡೆದ್ರು, ಯುಕ್ರೇನಿನ ಲಾರಿಗಳಿಗೆ ಪರ್ಮಿಟ್ ಸಡಿಲ ಮಾಡಿದ್ದಕ್ಕೆ ನಮ್ ಬಾಡಿಗೆ ಹೋತು ಅಂತ. 2024ರ ಫೆಬ್ರವರಿಯಾಗೆ ನೀವು ಹೇಳಿದ ಹಳಿ ಮ್ಯಾಲಿನ ಕಾಳು.

ಆ ವಿಡಿಯೋ ನಾನೂ ನೋಡೀನಿ. ವ್ಯಾಗನ್ ಬಾಯಿ ತೆಗೆದಿದ್ರು, ಕಾಳು ಜಲ್ಲಿ ಕಲ್ಲಿನ ಮ್ಯಾಲೆ ಸುರೀತಿತ್ತು. ಆ ಕಡೆ ಯುದ್ಧದಾಗೆ, ಮೈನ್ ಹುಗಿದ ಹೊಲದಾಗೆ ಜೀವ ಕೈಯಾಗೆ ಹಿಡ್ಕೊಂಡು ಬೆಳೆದ ಕಾಳು ಅದು. ಸುರಿದೋನೂ ರೈತನೇ. ಯಾರ ಪರ ನಿಲ್ಲಬೇಕು ಅಂತ ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ ಅಣ್ಣಾ. ಒಂದು ಮಾತ್ರ ಗೊತ್ತು, ಅದೇ ಟೈಮಿನಾಗೆ ಪೋಲೆಂಡ್‌ನಾಗೆ ಹತ್ತತ್ರ ಹತ್ತು ಲಕ್ಷ ಯುಕ್ರೇನ್ ನಿರಾಶ್ರಿತರು ಇದ್ರು, ಅವರ ಮಕ್ಕಳು ಅಲ್ಲೇ ಶಾಲೆಗೆ ಹೋಗ್ತಿದ್ರು, ಅವರನ್ನ ಯಾರೂ ಹೊರಗೆ ಹಾಕ್ಲಿಲ್ಲ. ಮನೆಗೆ ಕರೆದು ಊಟ ಹಾಕೋದಕ್ಕೆ ಆ ಮಂದಿ ರೆಡಿ ಇದ್ರು, ಸರ್ಕಾರದ ಧರ್ಮದ ಖರ್ಚನ್ನ ತಾವೊಬ್ರೇ ಕಟ್ಟೋದಕ್ಕೆ ರೆಡಿ ಇರ್ಲಿಲ್ಲ. ಬ್ರಸೆಲ್ಸ್‌ನಾಗೆ ಕುಂತ ಯೂನಿಯನ್ನಿನೋರು ಸುಂಕ ತೆಗೆದ ದಿನನೇ ಗಡಿ ರೈತರಿಗೆ ಪರಿಹಾರ ಇಷ್ಟು ಅಂತ ಸರಿಯಾಗಿ ಹೇಳಿದ್ರೆ ಹಳಿ ಮ್ಯಾಲೆ ಕಾಳು ಬೀಳ್ತಿರ್ಲಿಲ್ಲ ಅಂತ ನನ್ ಅನಿಸಿಕೆ.

ಪ್ರಶ್ನೆ: ಸರ್ವೇ ಸರ್ವೇ ಅಂತೀರಲ್ಲ, ಆ ದೇಶಗಳ ಜನ ನಿಜಕ್ಕೂ ಏನಂತಾರ? ಒಂದು ದಿನ ಬೆಂಬಲ ಜಾಸ್ತಿ, ಇನ್ನೊಂದು ದಿನ ಬೆಂಬಲ ಕಮ್ಮಿ. — ಮಾನ್ವಿ

ಉತ್ತರ: 2024ರ ಆಗಸ್ಟ್ 10ರ ರಾತ್ರಿ ನೆನಪೈತಾ? ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಟ್ಟಾಗಿ ಕೊಚ್ಚಿ ಹೋತಲ್ಲ. ಕಂಪ್ಲಿ, ಆನೆಗೊಂದಿ ಕಡೆ ನದಿ ದಂಡಿ ಮಂದಿಗೆ ನಿದ್ದಿ ಇಲ್ಲ, ದನ ಬಿಚ್ಚಿಕೊಂಡು ನಿಂತಿದ್ರು. ನಾವು ಬಳ್ಳಾರಿ ಕೌಲ್ ಬಜಾರಿನಾಗೆ ಕುಂತು ಆ ವಿಡಿಯೋ ಫಾರ್ವರ್ಡ್ ಮಾಡ್ತಿದ್ವಿ. ಸರ್ವೇನೂ ಹಂಗೇ, ಯಾರು ನದಿ ದಂಡಿಯಾಗೆ ಅದಾರೆ ಅನ್ನೋದರ ಮ್ಯಾಲೆ.

ಫಿನ್ಲೆಂಡ್ ನೋಡ್ರಿ. ರಷ್ಯಾ ಜೊತೆ 1340 ಕಿಲೋಮೀಟರ್ ಗಡಿ. 1939ರ ಚಳಿಗಾಲದಾಗೆ ಸೋವಿಯತ್ ನುಗ್ಗಿದಾಗ ಮೂರೂವರೆ ತಿಂಗಳು ಹೆಚ್ಚುಕಮ್ಮಿ ಒಬ್ಬರೇ ಹೊಡೆದಾಡಿದೋರು, ಎಲ್ಲಾರೂ ಶಭಾಷ್ ಅಂದ್ರು, ಸಾಕಾಗುವಷ್ಟು ಸಹಾಯ ಯಾರೂ ಮಾಡ್ಲಿಲ್ಲ. ಆಮೇಲೆ ದಶಕಗಟ್ಟಲೆ ಯಾರ ಗುಂಪೂ ಬೇಡ ಅಂತ ಕುಂತಿದ್ರು, ನೇಟೋ ಬೇಕು ಅನ್ನೋರು ನಾಲ್ಕರಾಗೆ ಒಬ್ರು ಸಿಕ್ರೆ ಹೆಚ್ಚು. ಯುಕ್ರೇನ್ ಮ್ಯಾಲೆ ದಾಳಿ ಆದ ವಾರದಾಗೆ ಅಲ್ಲಿನ ಸರ್ಕಾರಿ ಟೀವಿ ಸರ್ವೇಯಾಗೆ 53 ಪರ್ಸೆಂಟ್, ಮಾರ್ಚ್‌ನಾಗೆ 62, ಮೇ ತಿಂಗಳಿಗೆ 76. ಲೀಡರ್‌ಗಳು ಜನರ ಹಿಂದೆ ಓಡಿದ್ರು ಅಂದ್ರೂ ನಡೀತೈತೆ. 2023ರ ಏಪ್ರಿಲ್ 4ಕ್ಕೆ ಮೆಂಬರ್ ಆದ್ರು, ಮರುವರ್ಷ ಮಾರ್ಚ್‌ಗೆ ಸ್ವೀಡನ್ ಕೂಡ.

ಅಮೆರಿಕ ಸಮುದ್ರದ ಆ ಕಡೆ. ಅಲ್ಲಿನ ಪ್ಯೂ ಅನ್ನೋ ಸಂಸ್ಥೆ ಸರ್ವೇ ಪ್ರಕಾರ 2022ರ ಮಾರ್ಚ್‌ನಾಗೆ ನಾವು ಯುಕ್ರೇನ್‌ಗೆ ಅತಿ ಜಾಸ್ತಿ ಕೊಡ್ತಿದೀವಿ ಅಂದೋರು ನೂರಕ್ಕೆ 7, 2023ರ ಡಿಸೆಂಬರ್‌ಗೆ 31, ರಿಪಬ್ಲಿಕನ್ ಪಾರ್ಟಿ ಕಡೆಯೋರಾಗೆ 48. ಆ ಸಿಟ್ಟೇ ಹೋಗಿ ಅವರ ಸಂಸತ್ತಿನಾಗೆ ಕುಂತ್ಕೊಂತು, 61 ಬಿಲಿಯನ್ ಡಾಲರ್ ಸಹಾಯ ಆರು ತಿಂಗಳು ನಿಂತು 2024ರ ಏಪ್ರಿಲ್‌ನಾಗೆ ಪಾಸಾತು, ಅಷ್ಟರಾಗೆ ಯುಕ್ರೇನ್ ತೋಪಿನವರು ಗುಂಡು ಎಣಿಸಿ ಹೊಡೆಯೋ ಹಂಗಾಗಿತ್ತು. ಸ್ಪೇನ್ ಅಂತೂ ಯುರೋಪಿನ ಆ ತುದಿ, 2025ರ ಜೂನ್‌ನಾಗೆ ನೇಟೋದೋರು ಎಲ್ಲಾರೂ ರಕ್ಷಣೆಗೆ ಜಿಡಿಪಿಯ 5 ಪರ್ಸೆಂಟ್ ಅಂತ ಒಪ್ಪಿದಾಗ ನಮ್ಮಿಂದ ಆಗಲ್ಲ ಅಂದುಬಿಡ್ತು. ಸರ್ವೇ ಓದುವಾಗ ಪ್ರಶ್ನೆ ಹೆಂಗೆ ಕೇಳ್ಯಾರೆ ಅಂತನೂ ನೋಡ್ರಿ. ಸಹಾಯ ಮಾಡಬೇಕಾ ಅಂದ್ರೆ ಎಲ್ಲಾರೂ ಹೌದು ಅಂತಾರೆ, ನಿಮ್ ಕರೆಂಟ್ ಬಿಲ್ ಏರಿದ್ರೂ ಮಾಡಬೇಕಾ ಅಂದ್ರೆ ಸ್ವಲ್ಪ ಹೊತ್ತು ಸುಮ್ನಾಗ್ತಾರೆ.

ಪ್ರಶ್ನೆ: ಇಷ್ಟು ದೂರದ ಜಗಳ ನಮಗ್ಯಾಕ್ರೀ? — ಗೃಹಿಣಿ, ಬಳ್ಳಾರಿ

ಉತ್ತರ: ಅಕ್ಕಾ, 2022ರ ಮಾರ್ಚ್‌ನಾಗೆ ಸೂರ್ಯಕಾಂತಿ ಎಣ್ಣೆ ಲೀಟರ್‌ಗೆ ಇನ್ನೂರರ ಹತ್ರ ಹೋಗಿದ್ದು ಮರೆತ್ರಾ? ಯುದ್ಧಕ್ಕೆ ಮುಂಚೆ ನಮ್ ದೇಶಕ್ಕೆ ಬರ್ತಿದ್ದ ಆ ಎಣ್ಣೆಯಾಗೆ ಹೆಚ್ಚಿನ ಪಾಲು ಯುಕ್ರೇನಿಂದೇ ಇತ್ತು. ನಮ್ಮ ಓಣಿ ಒಗ್ಗರಣಿ ಮಿರ್ಚಿ ಬಂಡಿಯವನು ರೇಟು ಏರಿಸಿದ್ರೆ ಗಿರಾಕಿ ಬರಲ್ಲ ಅಂತ ಮೆಣಸಿನಕಾಯಿನೇ ಸಣ್ಣದು ತಗಂಡು ಬಂದ. ಎಣ್ಣೆ ರೇಟು ಇಳೀತು, ಮಿರ್ಚಿ ಇನ್ನೂ ಸಣ್ಣದೇ ಐತೆ.

ಪ್ರಶ್ನೆ: ಟ್ರಂಪ್ ಯುಕ್ರೇನ್‌ಗೆ ಸಹಾಯ ಮಾಡಿ ಅದಕ್ಕೆ ಬದಲಾಗಿ ಗಣಿ ಬರೆಸ್ಕಂಡ್ರಂತೆ. ಇದು ಸಹಾಯನಾ, ಬಡ್ಡಿ ವ್ಯವಹಾರನಾ? — ಗಣಿ ಲಾರಿ ಡ್ರೈವರ್, ಸಂಡೂರು

ಉತ್ತರ: ಗಣಿ ವಿಷಯ ಸಂಡೂರಿನವರು ಕೇಳದೇ ಇನ್ಯಾರು ಕೇಳ್ತಾರೆ! ಮೊದ್ಲು ನಮ್ಮೂರಿನ ಕಥೆ ಕೇಳ್ರಿ. ಬಳ್ಳಾರಿನೇ ದೋಸ್ತಿ ಬಿಲ್ಲಿಗೆ ಕೊಟ್ಟ ಊರು. ಟಿಪ್ಪು ಜೊತೆ ಆದ ಯುದ್ಧಗಳ ಪಾಲಿನಾಗೆ, 1792 ಮತ್ತೆ 1799ರಾಗೆ, ಈ ಸೀಮೆ ಹೈದರಾಬಾದ್ ನಿಜಾಮನಿಗೆ ಸಿಕ್ಕಿತ್ತು. ನಿಜಾಮನಿಗೆ ಅಕ್ಕಪಕ್ಕದವರ ಭಯ, ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ಇಟ್ಕೊಂಡ, ಸೈನ್ಯದ ಖರ್ಚು ಕಟ್ಟೋದು ಯಾರು? 1800ರ ಅಕ್ಟೋಬರ್‌ನಾಗೆ ಬಳ್ಳಾರಿ, ಅನಂತಪುರ, ಕಡಪ, ಕರ್ನೂಲು ಕಡೆ ಸೀಮೆನೆಲ್ಲ ಕಂಪನಿಗೆ ಬರೆದುಕೊಟ್ಟ. ಸೀಡೆಡ್ ಡಿಸ್ಟ್ರಿಕ್ಟ್ಸ್ ಅಂದ್ರೆ ಅದೇ, ಬಿಟ್ಟುಕೊಟ್ಟ ಜಿಲ್ಲೆಗಳು. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದು ಹೊಲ ಹೊಲ ಅಳೆದು ಕಂದಾಯ ಹಾಕಿದ. ನಮ್ ಮುತ್ತಾತನ ಮುತ್ತಾತನ್ನ ಯಾರೂ ಕೇಳ್ಲಿಲ್ಲ, ಒಂದು ಸೈನ್‌ಗೆ ನಾವು ಮದ್ರಾಸ್ ಕಡೆ, ಹೊಳೆ ಆ ಕಡೆ ಕೊಪ್ಪಳ ರಾಯಚೂರು ನಿಜಾಮನ ಕಡೆ. ನಾವು ಮೈಸೂರು ರಾಜ್ಯ ಸೇರಿದ್ದು 1953ರ ಅಕ್ಟೋಬರ್‌ಗೆ. (ನೀವು ಸಂಡೂರಿನವರು ಘೋರ್ಪಡೆ ಸಂಸ್ಥಾನದಾಗೆ ಇದ್ರಿ, ಅಷ್ಟರ ಮಟ್ಟಿಗೆ ಬಚಾವ್.)

ತಮಾಷೆ ಅಂದ್ರೆ ಅದೇ ವಂಶದಾಗೆ ಆಮೇಲೆ ಬಂದ ನಿಜಾಮನಿಗೆ ಬ್ರಿಟಿಷರು ಫೇತ್‌ಫುಲ್ ಅಲೈ, ಅಂದ್ರೆ ನಂಬಿಗಸ್ತ ದೋಸ್ತ್ ಅಂತ ಬಿರುದು ಕೊಟ್ರು. 1948ರಾಗೆ ಕಷ್ಟ ಬಂದು ಬಿರುದು ಕೊಟ್ಟೋರ ಕಡೆ ನೋಡಿದ್ರೆ ಅವರು ಗಂಟುಮೂಟೆ ಕಟ್ಕೊಂಡು ವರ್ಷ ಆಗಿತ್ತು.

ಈಗ ಯುಕ್ರೇನ್. ಖನಿಜದ ಮಾತು ಮೊದ್ಲು ಎತ್ತಿದ್ದು ಯುಕ್ರೇನ್ ಅಧ್ಯಕ್ಷ ಜೆಲೆನ್ಸ್ಕಿನೇ, 2024ರ ಅಕ್ಟೋಬರ್‌ನಾಗೆ, ಅಮೆರಿಕಕ್ಕೆ ನಮ್ ಮ್ಯಾಲೆ ಆಸೆ ಉಳೀಲಿ ಅಂತ. ಟ್ರಂಪ್ ಬಂದ್ಮೇಲೆ ಅದು 500 ಬಿಲಿಯನ್ ಡಾಲರ್ ವಸೂಲಿ ಲೆಕ್ಕ ಆತು, 2025ರ ಫೆಬ್ರವರಿ 28ಕ್ಕೆ ಶ್ವೇತಭವನದಾಗೆ ಕ್ಯಾಮೆರಾ ಮುಂದೆನೇ ಜಗಳ, ಆಮೇಲೆ ಸ್ವಲ್ಪ ದಿನ ಆಯುಧನೂ ಬಂದ್, ಗುಪ್ತಚರ ಮಾಹಿತಿನೂ ಬಂದ್. ಆದ್ರೆ ಏಪ್ರಿಲ್ 30ಕ್ಕೆ ಸೈನ್ ಆದ ಒಪ್ಪಂದ ಅಷ್ಟು ಕೆಟ್ಟದೇನಲ್ಲ, ಹಳೇ ಸಹಾಯನ ಸಾಲ ಅಂತ ಬರೀಲಿಲ್ಲ, ಗಣಿ ಯುಕ್ರೇನ್ ಹೆಸರಿನಾಗೇ ಉಳೀತು, ಹೊಸ ಗಣಿಯಿಂದ ಸರ್ಕಾರಕ್ಕೆ ಬರೋದ್ರಾಗೆ ಅರ್ಧ ಜಂಟಿ ಫಂಡ್‌ಗೆ. ನಿಜಾಮನಿಗಿಂತ ಚೆನ್ನಾಗಿ ಚೌಕಾಸಿ ಮಾಡ್ಯಾರೆ ಅಂತೀನಿ. ನನಗೆ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ, ಮನೆಗೆ ಬೆಂಕಿ ಬಿದ್ದಾಗ ಬಕೆಟ್ ಹಿಡ್ಕೊಂಡು ಬಂದೋನು ಬಾಗಿಲಾಗೇ ನಿಂತು ಬಾಡಿಗೆ ಕೇಳ್ದಂಗೆ ಆತು ಅದು.

ಪ್ರಶ್ನೆ: ನಮ್ಮ ತಲೆಮಾರಿನವರಿಗೆ ರಷ್ಯಾ ಅಂದ್ರ ಅಭಿಮಾನ. ಈಗಿನ ಹುಡುಗರು ಅದನ್ನ ತಪ್ಪು ಅಂತಾರ್ರಿ. ಭಾರತ ವೋಟ್ ಹಾಕದ ಸುಮ್ಮನ ಕೂತಿದ್ದು ಸರಿ ಏನ್ರಿ? — ನಿವೃತ್ತ ಶಿಕ್ಷಕರು, ಕೊಪ್ಪಳ

ಉತ್ತರ: ಮೇಷ್ಟ್ರೇ, ನಿಮ್ ಅಭಿಮಾನಕ್ಕೆ ಕಾರಣ ಐತೆ. 1971ರ ಆಗಸ್ಟ್ 9ಕ್ಕೆ ಸೋವಿಯತ್ ಜೊತೆ ಒಪ್ಪಂದ ಆತು, ಡಿಸೆಂಬರ್‌ನಾಗೆ ಅಮೆರಿಕದ ಎಂಟರ್‌ಪ್ರೈಸ್ ಹಡಗು ಬಂಗಾಳ ಕೊಲ್ಲಿಗೆ ಬಂದಾಗ ನಮ್ ಪರ ನಿಂತಿದ್ದು ಅವರೇ, ಸೆಕ್ಯೂರಿಟಿ ಕೌನ್ಸಿಲ್‌ನಾಗೆ ವೀಟೋ ಹಾಕಿದ್ದೂ ಅವರೇ. ಆದ್ರೆ ಅದಕ್ಕೆ ಒಂಬತ್ತು ವರ್ಷ ಮುಂಚೆ, 1962ರಾಗೆ ಚೀನಾ ನುಗ್ಗಿದಾಗ, ಇದೇ ಸೋವಿಯತ್ ಮೊದ್ಲು ಅತ್ತಿತ್ತ ನೋಡ್ತು, ಅವಸರಕ್ಕೆ ಆಯುಧ ಕಳಿಸಿದ್ದು ಅಮೆರಿಕ, ಬ್ರಿಟನ್. ಅದನ್ನ ಯಾಕೋ ನಾವು ಅಷ್ಟು ನೆನಪಿಟ್ಕೊಂಡಿಲ್ಲ. ಮತ್ತೆ ಆ ಸೋವಿಯತ್ತಿನಾಗೆ ಯುಕ್ರೇನೂ ಇತ್ತು.

2022ರ ಮಾರ್ಚ್ 2ಕ್ಕೆ ವಿಶ್ವಸಂಸ್ಥೆಯಾಗೆ ರಷ್ಯಾ ವಿರುದ್ಧ 141, ಪರ 5, ಯಾವ ಕಡೆಗೂ ಇಲ್ಲ ಅಂದೋರು 35, ಅದರಾಗೆ ನಾವು. ಆ ಹೊತ್ತಿಗೆ ಯುಕ್ರೇನಿನಾಗೆ ಓದಾಕೆ ಹೋಗಿದ್ದ ನಮ್ 20 ಸಾವಿರ ಹುಡುಗರ ವಿಷಯ, ರಷ್ಯಾದಿಂದ ಬರೋ ಆಯುಧದ ಬಿಡಿಭಾಗದ ವಿಷಯ, ಅರ್ಥ ಆಗ್ತೈತೆ. ಆಮೇಲೆ ವರ್ಷಗಟ್ಟಲೆ ರಷ್ಯಾದ ಅಗ್ಗದ ಕಚ್ಚಾ ಎಣ್ಣೆ ತಗಂಡು ಅದಕ್ಕೂ ಶಾಂತಿ ಅಂತ ಹೆಸರು ಇಟ್ಟಿದ್ದು ನನಗೆ ಹಿಡಿಸ್ಲಿಲ್ಲ, ವ್ಯಾಪಾರ ಅಂತ ಹೇಳ್ಬಹುದಿತ್ತು. ನಮಗೆ ಪಾಠ ಹೇಳೋ ಯುರೋಪೂ ರಷ್ಯಾ ಗ್ಯಾಸ್ ಪೂರ್ತಿ ಬಿಟ್ಟಿರ್ಲಿಲ್ಲ ಅನ್ನೋದೂ ಅಷ್ಟೇ ಖರೆ. 2025ರ ಆಗಸ್ಟ್‌ನಾಗೆ ಅಮೆರಿಕ ಆ ಎಣ್ಣೆ ನೆಪಕ್ಕೆ ನಮ್ ಮಾಲಿನ ಮ್ಯಾಲೆ ಇನ್ನೂ 25 ಪರ್ಸೆಂಟ್ ಸುಂಕ ಹಾಕಿ ಒಟ್ಟು 50 ಮಾಡ್ತು. ಇಷ್ಟೆಲ್ಲಾ ಆಗಿ ನಮ್ ಬಂಕಿನಾಗೆ ಪೆಟ್ರೋಲ್ ನೂರರ ಕೆಳಗೆ ಇಳಿದಿದ್ದು ನೀವೇನಾದ್ರೂ ನೋಡೀರಾ?

ಪ್ರಶ್ನೆ: ನನ್ನ ಮಗಳು ಅಲ್ಲಿ ಎಂಬಿಬಿಎಸ್ ಓದ್ತಿದ್ದಳು. ಯುದ್ಧ ಶುರುವಾದಾಗ ನಡೀತಾ ರೊಮೇನಿಯಾ ಗಡಿ ಮುಟ್ಟಿದಳು. ಅಲ್ಲಿ ಯಾರೋ ಅಜ್ಜಿ ಸೂಪ್ ಕೊಟ್ಟು, ತನ್ನ ಉಲ್ಲನ್ ಟೊಪ್ಪಿಗಿ ತೆಗೆದು ಇವಳ ತಲಿಗೆ ಹಾಕಿದಳಂತ. ಆ ಟೊಪ್ಪಿಗಿ ಇನ್ನೂ ನಮ್ಮ ಮನಿಯಾಗ ಅದ, ಅದನ್ನ ಏನ್ ಮಾಡಬೇಕ್ರಿ? ಆ ಮಂದಿ ಬಗ್ಗೆ ಬರಿಯೋ ಮುಂದ ಸ್ವಲ್ಪ ನೋಡಿ ಬರೀರಿ. — ತಾಯಿ, ರಾಯಚೂರು

ಉತ್ತರ: ಅಮ್ಮಾ, ನೋಡಿ ಬರೀತೀನಿ. ಆ ವಾರ ಹಾವೇರಿ ಜಿಲ್ಲೆ ಹುಡುಗ ಒಬ್ಬ ಖಾರ್ಕಿವ್‌ನಾಗೆ ಊಟದ ಸಾಮಾನು ತರಾಕೆ ಹೋಗಿ ಶೆಲ್ ದಾಳಿಗೆ ಸತ್ತ ಸುದ್ದಿ ಬಂದಾಗ ನಮ್ ಸೀಮೆಯ ಎಷ್ಟು ಮನೆಯಾಗೆ ಒಲೆ ಹಚ್ಚಲಿಲ್ಲ ಅಂತ ನಾನು ಕಂಡೀನಿ. ನಮ್ ಸರ್ಕಾರ ಕರ್ಕೊಂಡು ಬರಾಕೆ ಮಾಡಿದ ಆಪರೇಷನ್ ಗಂಗಾದಾಗೆ 22 ಸಾವಿರಕ್ಕೂ ಜಾಸ್ತಿ ಮಂದಿ ವಾಪಸ್ ಬಂದ್ರು, ವಿಮಾನ ಹತ್ತಿದ್ದು ರೊಮೇನಿಯಾ, ಪೋಲೆಂಡ್, ಹಂಗೇರಿ, ಸ್ಲೊವಾಕಿಯಾದಾಗೆ. ಗಡಿಯಾಗೆ ನಮ್ ಹುಡುಗರನ್ನ ತಳ್ಳಿದ್ರು, ಸಾಲಿನಾಗೆ ಹಿಂದೆ ನಿಲ್ಲಿಸಿದ್ರು ಅಂತ ವಿಡಿಯೋಗಳೂ ಬಂದಿದ್ವು, ಅದನ್ನೂ ಮರೆಯಾಕೆ ಆಗಲ್ಲ. ಆದ್ರೆ ದಾಟಿದ ಮ್ಯಾಲೆ ಶಾಲೆ, ಜಿಮ್ ಹಾಲ್, ಮನೆ ತೆಗೆದು ಮಲಗಿಸಿದೋರು ಯಾವ ಸರ್ವೇಗೂ ಕಾಯ್ಲಿಲ್ಲ, ಯಾವ ಒಪ್ಪಂದದಾಗೂ ಅವರ ಸೈನ್ ಇಲ್ಲ.

ಮಗಳು ಈಗ ಎಲ್ಲಿ ಓದು ಮುಗಿಸಿದಳು ಅಂತ ಬರೆದಿಲ್ಲ ನೀವು, ತಿಳಿಸ್ರಿ. ಮತ್ತೆ ಆ ಟೊಪ್ಪಿಗಿ ಇನ್ನೂ ಐತೆ, ಏನ್ ಮಾಡಬೇಕು ಅಂತ ಕೇಳೀರಲ್ಲ, ರಾಯಚೂರು ಬಿಸಿಲಾಗೆ ಹಾಕ್ಕೊಳ್ಳೋ ಮಾತಂತೂ ಇಲ್ಲ, ಒಗೆಯಾಕೆ ಹೋಗಬೇಡ್ರಿ, ನುಸಿಗುಳಿಗೆ ಹಾಕಿ ಟ್ರಂಕಿನಾಗೆ ಇಡ್ರಿ.